ಯಂತ್ರ ಪಾಸಾಯಿತು, ಅದರ ಹಿಂದಿದ್ದವರಿಗೆ ಥ್ಯಾಂಕ್ಸ್

ಅಂತೂ ಪ್ರಾಜೆಕ್ಟ್ ವೈವಾ ಮುಗಿಯಿತು. ಯಂತ್ರ ಪಾಸು, ಅದರ ಹೆಸರಲ್ಲಿ ನಾನೂ ಪಾಸು. ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸಲು ರಕ್ತನಾಳವನ್ನು ಕರೆಂಟಿನಿಂದ ಬೆಸೆದು ಮುಚ್ಚುವ ಈ ಇಕ್ಕಳದ ಕಥೆ ಕೇಳಿ ಕೇಳಿ ನಿಮಗೆಲ್ಲ ಸಾಕಾಗಿದೆ. ಮತ್ತೆ ಶುರು ಮಾಡುವುದಿಲ್ಲ, ಹೆದರಬೇಡಿ.

ಗೈಡ್ ಸರ್, ಸರ್ಕ್ಯೂಟ್ ತಿದ್ದಿಕೊಟ್ಟ ಸೀನಿಯರ್, ರಾತ್ರಿ ಲ್ಯಾಬಿನ ಬೀಗ ತೆಗೆಯುತ್ತಿದ್ದ ವಾಚ್‌ಮನ್ ಕಾಕಾ, ಕೊಟ್ಟ ಸಾಲ ಕೇಳದ ರೂಮಿನ ಗೆಳೆಯರು, ಎಲ್ಲರಿಗೂ ಥ್ಯಾಂಕ್ಸ್. ಹಳೇ ಹುಬ್ಬಳ್ಳಿಯ ಮಟನ್ ಅಂಗಡಿ ಭಾಯ್‌ಗೆ ಒಂದು ಮಾತು ಜಾಸ್ತಿ. ನನ್ನ ಪರೀಕ್ಷೆಗೆ ಬೇಕಾದ ಕುರಿಯ ಕತ್ತಿನ ರಕ್ತನಾಳವನ್ನು ಚಾಕು ತಾಗದ ಹಾಗೆ ಬಿಡಿಸಿ, ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದರು. ಯಾಕೆ ಅಂತ ಕೇಳಲೇ ಇಲ್ಲ.

ಇನ್ನು ನಮ್ಮ ಓಣಿಯ ಸಿಸ್ಟರ್ ಅಕ್ಕ. ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ ಕೆಲಸ. ಸಂಜೆ ಡ್ಯೂಟಿ ಮುಗಿಸಿ, ನನಗೆ ಊಟದ ಡಬ್ಬಿ ಕೊಡೋಣ ಅಂತ ಲ್ಯಾಬಿಗೆ ಬಂದವರು ಬೆಳಗಿನವರೆಗೆ ಅಲ್ಲೇ ಉಳಿದರು.

ಅವತ್ತು ಯಾವ ನಾಳವೂ ನಿಲ್ಲುತ್ತಿರಲಿಲ್ಲ. ಬೆಸೆದ ನಾಳ ಸಿಸ್ಟೋಲಿಕ್ ಒತ್ತಡದ (ಬಿಪಿಯ ಮೇಲಿನ ಅಂಕೆ) 3 ಪಟ್ಟು, ಅಂದರೆ ಸುಮಾರು 360 ಎಂಎಂ ಪಾದರಸದಷ್ಟು ಒತ್ತಡ ತಡೆಯಬೇಕು. ಪೇಟೆಯಲ್ಲಿ ಸಿಗುವ ಯಂತ್ರಗಳು 7 ಮಿಲಿಮೀಟರ್ ದಪ್ಪದ ನಾಳವನ್ನೂ ಹಾಗೆ ಮುಚ್ಚುತ್ತವೆ. ನಮ್ಮದು ಮುಗಿಯಿತು ಅಂತ ಪೀಪ್ ಅನ್ನುತ್ತಿತ್ತು, ಸಿರಿಂಜು ಒತ್ತಿದರೆ ಪಿಚಕ್ ಅಂತ ನೀರು ಹೊರಗೆ. ನಾಳ ಬಿಸಿಯಾದಾಗ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಮೊದಲು ಇಳಿಯುತ್ತದೆ, ನೀರು ಆರುತ್ತಾ ಹೋದ ಹಾಗೆ ಏರುತ್ತದೆ. ಆ ಏರಿಕೆ ನೋಡಿ ಯಂತ್ರ ಕರೆಂಟು ನಿಲ್ಲಿಸಬೇಕು. ನಮ್ಮದು ನಾಳ ಬೇಯುವ ಮೊದಲೇ ನಿಲ್ಲಿಸುತ್ತಿತ್ತು. ನಾನು ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂತಿದ್ದೆ.

ಅಕ್ಕ ಸ್ಕ್ರೀನ್ ಕಡೆ ನೋಡಲಿಲ್ಲ. ಇಕ್ಕಳ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು.

"ಮೊದಲ ಇದರ ಬಾಯಿ ಒರಸು ತಮ್ಮಾ. ಎಷ್ಟ ಕರಿ ಹತ್ತೇತಿ ನೋಡು. ನಮ್ಮ ಓಟಿಯೊಳಗ ನಡುನಡುವ ಒರಸ್ತನ ಇರ್ತೀವಿ."

ಸುಟ್ಟ ಕರಿ ತನ್ನದೇ ರೆಸಿಸ್ಟೆನ್ಸ್ ಸೇರಿಸುತ್ತಿತ್ತು. ಯಂತ್ರ ಅದನ್ನೇ ಒಣಗಿದ ನಾಳ ಅಂದುಕೊಳ್ಳುತ್ತಿತ್ತು. ಒದ್ದೆ ಗಾಜ್ ಬಟ್ಟೆಯಿಂದ ಅವರೇ ಒರೆಸಿದರು, ಹಲ್ಲಿನ ಸಂದಿಯನ್ನೂ ಬಿಡದೆ. ಮುಂದಿನ ನಾಳ ನಿಂತಿತು. ಮೀಟರು 360 ದಾಟಿದರೂ ಒಂದು ಹನಿ ಬರಲಿಲ್ಲ.

ನನಗೆ ಖುಷಿ ಆಗಬೇಕಿತ್ತು, ಅಲ್ವಾ? ಅಳು ಬಂತು. ಅಪ್ಪನ ಆಪರೇಷನ್ ದಿನ ಸ್ಟ್ಯಾಂಡಿನ ಮೇಲೆ ರಕ್ತದ ಚೀಲ ಬದಲಾಗುತ್ತಲೇ ಇತ್ತು, ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ರಕ್ತ ನಿಲ್ಲಲಿಲ್ಲ. ಅಪ್ಪನೂ ಉಳಿಯಲಿಲ್ಲ. ಈ ಪ್ರಾಜೆಕ್ಟೇ ಯಾಕೆ ಅಂತ ನೀವು ಕೇಳಿದಾಗೆಲ್ಲ ಸುಮ್ನೆ ಏನೋ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಅಕ್ಕ ಸಮಾಧಾನ ಗಿಮಾಧಾನ ಮಾಡಲಿಲ್ಲ. ನಾನು ಮೂಗು ಒರೆಸಿಕೊಳ್ಳುವ ತನಕ ಕಾದು, ಗ್ಲೌಸು ಹಾಕಿದ ಕೈ ಚಾಚಿ "ಮುಂದಿಂದು ಕೊಡು" ಅಂದರು. ನಾಳದ ಡಬ್ಬಿ ಖಾಲಿ ಆಗುವವರೆಗೂ ಹಾಗೇ ನಡೆಯಿತು.

ನನ್ನ ರಿಪೋರ್ಟಿನ ಮೊದಲ ಪುಟದಲ್ಲಿ 1926ರ ಬಾಸ್ಟನ್ ಇದೆ. ಬೋವಿ ಅನ್ನುವವರು ಮಾಡಿದ, ಕರೆಂಟಿನಿಂದ ರಕ್ತ ನಿಲ್ಲಿಸುವ ಯಂತ್ರ ಹಿಡಿದು ಕುಶಿಂಗ್ ಡಾಕ್ಟರು ಆಪರೇಷನ್ ಮಾಡಿದ ಕಥೆ. ಅಕ್ಕನ ಮಾತಿಗೆ ಅಲ್ಲಿ ಜಾಗ ಇರಲಿಲ್ಲ, ರೆಫರೆನ್ಸ್ ಎಲ್ಲಿ ಅಂತ ಕೇಳುತ್ತಾರೆ. ಅದಕ್ಕೇ ಇಲ್ಲಿ ಬರೆದೆ.

ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ. ರೊಟ್ಟಿ, ಎಣ್ಣೆಗಾಯಿ ಮಾಡಿಸುತ್ತಿದ್ದೇನೆ. ಮಟನ್ ಮಾತ್ರ ಕೇಳಬೇಡಿ, ಸದ್ಯಕ್ಕೆ ನನ್ನ ಕೈಲಾಗದು. ಭಾಯ್‌ಗೆ ಇದನ್ನು ಹೇಳಿದಾಗಿನಿಂದ ಅವರ ನಗು ಇನ್ನೂ ನಿಂತಿಲ್ಲ.