ಫೆರೆಟ್ ಗಾಡಿ: ಮೊದಲು ಚಕ್ರ, ಎಂಜಿನ್ ಆಮೇಲೆ

ಕವೆಂಟ್ರಿ, ಇಂಗ್ಲೆಂಡ್

ತೀರ್ಥರೂಪು ಅಪ್ಪಯ್ಯನವರಿಗೆ ನಮಸ್ಕಾರಗಳು. ಇಲ್ಲಿ ಎಲ್ಲ ಕ್ಷೇಮ. ತೀರ್ಥಹಳ್ಳಿ ಕಡೆ ಮಳೆ ಬಿಡುತ್ತಲೇ ಇಲ್ಲವಂತೆ, ಅಡಿಕೆಗೆ ಕೊಳೆ ಔಷಧಿ ಹೊಡೆಯುವುದು ಒಂದು ಸುತ್ತಾದರೂ ಮುಗಿಯಿತೋ?

ಇಲ್ಲಿ ರಿಪೇರಿ ಮಾಡುತ್ತಿರುವ ಹಳೇ ಮಿಲಿಟರಿ ಗಾಡಿಯ ಎಂಜಿನ್ ಶುರುವಾಯಿತಾ ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ. ಗಾಡಿಯ ಹೆಸರು ಫೆರೆಟ್, ಇದೇ ಊರಿನ ಡೈಮ್ಲರ್ ಕಂಪನಿ 1952ರಿಂದ 1971ರವರೆಗೆ ಮಾಡಿದ್ದು. ನಮ್ಮ ಸೈನ್ಯದಲ್ಲೂ ಇತ್ತು. ಸುತ್ತ ಉಕ್ಕಿನ ಕವಚ, ತೂಕ ನಾಲ್ಕು ಟನ್ ಆಸುಪಾಸು. ಎಂಜಿನ್ ರೋಲ್ಸ್ ರಾಯ್ಸ್ ಬಿ60, ಆರು ಸಿಲಿಂಡರ್, 4.26 ಲೀಟರ್, ಪೆಟ್ರೋಲ್. ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಬ್ರೇಕೇ ಹಿಡಿಯದ ನಾಲ್ಕು ಟನ್ ಗಾಡಿಯನ್ನು ಚಾಲೂ ಮಾಡಿ ಏನು ಮಾಡುವುದು?

ಮೊದಲು ನೋಡಬೇಕಾದ್ದು ಚಕ್ರ. ರಿಮ್ ಎರಡು ಹೋಳು, ನಟ್ ಬೋಲ್ಟ್ ಹಾಕಿ ಕೂಡಿಸಿದ್ದು. ಚಕ್ರವನ್ನು ಗಾಡಿಗೆ ಹಿಡಿಸುವ ನಟ್ಟೇ ಬೇರೆ. ಗಾಳಿ ಇರುವಾಗ ಹೋಳು ಕೂಡಿಸಿದ ನಟ್ ಬಿಚ್ಚಿದರೆ ರಿಮ್ ಸಿಡಿದು ಎದುರಿಗಿದ್ದವನ ಜೀವ ಹೋಗುತ್ತದೆ. ಹಾಗಾಗಿ ಚಕ್ರ ಕಳಚುವ ಮುಂಚೆಯೇ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಬೇಕು. ತೂತು ತುಕ್ಕು, ಮಣ್ಣಿನಿಂದ ಕಟ್ಟಿಕೊಂಡು 'ಗಾಳಿ ಖಾಲಿ' ಅಂತ ಮೋಸ ಮಾಡುವುದುಂಟು, ತಂತಿ ತೂರಿಸಿ ನೋಡಬೇಕು. ನಮ್ಮ ಶೆಡ್ಡಿನ ಜೀಪಿನದೂ ಎರಡು ಹೋಳಿನ ರಿಮ್ಮಾದರೆ ಪಂಕ್ಚರ್ ಅಂಗಡಿಯವನಿಗೆ ಇದನ್ನು ಹೇಳಿಯೇ ಕೊಡಿ.

ಟೈರಿನ ಅಳತೆ 9.00-16. ಒಂದೇ ಮಗ್ಗುಲಿನ ಮುಂದಿನ, ಹಿಂದಿನ ಚಕ್ರಗಳ ನಡುವೆ ಡಿಫರೆನ್ಶಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು ಜೋಡಣೆ) ಇಲ್ಲ, ಎರಡೂ ಒಟ್ಟಿಗೇ ಸುತ್ತಬೇಕು. ಒಂದು ಸವೆದು ಇನ್ನೊಂದು ಹೊಸದಾದರೆ ಟಾರ್ ರಸ್ತೆಯಲ್ಲಿ ಶಾಫ್ಟ್ ಹಗ್ಗ ಹೊಸೆದ ಹಾಗೆ ತಿರುಚಿಕೊಳ್ಳುತ್ತದೆ, ಗೇರುಗಳ ಮೇಲೆ ಭಾರ ಬಿದ್ದು ಬಿಸಿಯಾಗುತ್ತವೆ. ಹುಲ್ಲು, ಕೆಸರಿನಲ್ಲಿ ಚಕ್ರ ಜಾರುವುದರಿಂದ ಬಿಗಿ ತಾನಾಗಿ ಬಿಡುತ್ತದೆ. ಇದಕ್ಕೇ ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ಹಾಕಿ, ಟೇಪಿನಲ್ಲಿ ಸುತ್ತಳತೆ ತೆಗೆದು ಜೋಡಿ ಮಾಡುವುದು. ಬಿಗಿ ಬಿಡಿಸಲು ಒಂದು ಚಕ್ರಕ್ಕೆ ಜಾಕ್ ಕೊಟ್ಟರೆ ಸಾಕು, ಆದರೆ ನೆಲ ಬಿಟ್ಟ ಕೂಡಲೇ ಚಕ್ರ ಗಿರ್ರನೆ ತಿರುಗುತ್ತದೆ, ಕೈ ದೂರ ಇರಬೇಕು.

ಗೇರು ವಿಚಿತ್ರ. ಲಿವರಿನಲ್ಲಿ ಮೊದಲೇ ಗೇರ್ ಆರಿಸಿಟ್ಟು ಆಮೇಲೆ ಪೆಡಲ್ ಒತ್ತುವುದು. ಒಳಗೆ ಗೇರನ್ನು ಬಿಗಿಹಿಡಿಯುವ ಬ್ಯಾಂಡ್ (ಪಟ್ಟಿ) ಸಡಿಲವಾದರೆ ಪೆಡಲ್ ಎಗರಿ ಕಾಲಿಗೆ ಹೊಡೆಯುತ್ತದೆ. ಮುಂದಕ್ಕೆ ಇರುವ ಐದೂ ಗೇರು ಹಿಂದಕ್ಕೂ ಸಿಗುತ್ತವೆ!

ಬ್ರೇಕಿನಲ್ಲಿ ಕೆಡುವುದು ವೀಲ್ ಸಿಲಿಂಡರ್, ಅಂದರೆ ಚಕ್ರದ ಬಳಿ ಬ್ರೇಕನ್ನು ಒತ್ತುವ ಭಾಗ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಂಡು ಪಿಸ್ಟನ್ ತುಕ್ಕು ಹಿಡಿದು ಕೂರುತ್ತದೆ. ನಮ್ಮ ಮಳೆಗಾಲದಲ್ಲಂತೂ ಮುಚ್ಚಳ ತೆಗೆದಿಟ್ಟ ಡಬ್ಬಿಯದನ್ನು ಜೀಪಿಗೆ ಹಾಕಲೇಬೇಡಿ. ಹಳೇ ಲೈನರಿನಲ್ಲಿ ಕಲ್ನಾರು ಇರಬಹುದು. ಡ್ರಮ್ಮಿನ ಧೂಳಿಗೆ ಗಾಳಿ ಹೊಡೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಇನ್ನು ಎಂಜಿನ್. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ಆಯಿಲ್ ಬಿಟ್ಟು, ರಾತ್ರಿಯಿಡೀ ನೆನೆಯಲು ಬಿಟ್ಟು, ಕೈಯಲ್ಲೇ ತಿರುಗಿಸಬೇಕು. ತಡೆದರೆ ಬಲವಂತ ಬೇಡ, ವಾಲ್ವ್ ಕಚ್ಚಿಕೊಂಡಿರಬಹುದು. ಟ್ಯಾಂಕಿನ ಹಳೇ ಪೆಟ್ರೋಲ್ ಮುಟ್ಟದೆ ಬೇರೆ ಕ್ಯಾನಿನಿಂದ ಕೊಡುವುದು ಒಳ್ಳೆಯದು. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಹಳೇ ರಬ್ಬರ್ ಪೈಪನ್ನು ತಿಂದುಹಾಕುತ್ತದೆ. ಜೀಪಿನದೂ ಬದಲಾಯಿಸಲೇಬೇಕು. ಪೈಪಿನ ಒಳ ಅಳತೆ ಎಷ್ಟು ಮಿಲಿಮೀಟರ್, ಉದ್ದ ಎಷ್ಟು ಅಂತ ತಮ್ಮನ ಕೈಲಿ ಅಳೆಸಿ ತಿಳಿಸಿ, ಬರುವಾಗ ತರುತ್ತೇನೆ.

ಇತಿ ನಿಮ್ಮ ಮಗ