ಥ್ಯಾಂಕ್ಸ್ ಹೇಳುವುದಿದೆ, ಮುಖ್ಯವಾಗಿ ಭಾವನಿಗೆ

ಮೊನ್ನೆ ಡಾಕ್ಟರ್ ಇನ್ನು ಸ್ಕೂಟರ್ ಓಡಿಸಬಹುದು ಎಂದರು. ಹೃದಯದ ವಾಲ್ವ್ ಬದಲಿಸುವ ಆಪರೇಷನ್ನಿಗೆ ಸೀಳಿದ್ದ ಎದೆಯ ಎಲುಬು ಕೂಡಿಕೊಂಡಿದೆಯಂತೆ. ಅಷ್ಟು ದಿನ ಬಾಕಿ ಇಟ್ಟಿದ್ದ ಕೆಲಸಗಳಲ್ಲಿ ಇದೂ ಒಂದು, ನಿಮಗೆಲ್ಲ ಥ್ಯಾಂಕ್ಸ್ ಹೇಳುವುದು. ಒಬ್ಬೊಬ್ಬರಿಗೇ ಫೋನ್ ಮಾಡಿದರೆ ಮುಗಿಯುವ ಲೆಕ್ಕ ಅಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಏನಾಗಿತ್ತು, ಯಾವ ವಾಲ್ವ್, ಯಾವಾಗಿನಿಂದ ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದವರು ಅಕ್ಕನನ್ನು ಕೇಳಿ. ಅವಳು ನನಗಿಂತ ಚೆನ್ನಾಗಿ ಹೇಳುತ್ತಾಳೆ, ಸ್ವಲ್ಪ ಮಸಾಲೆ ಸೇರಿಸಿ.

ಮೊದಲು ಒಟ್ಟಿಗೆ ಹೇಳಿಬಿಡುತ್ತೇನೆ. ಬೆಳಿಗ್ಗೆ ಬೆಳಿಗ್ಗೆ ಉಡುಪಿಯಿಂದ ಮಂಗಳೂರಿಗೆ ಬಂದು ರಕ್ತ ಕೊಟ್ಟು, ಒಂದು ಚಾ ಕುಡಿದು ಸುಮ್ನೆ ಕೆಲಸಕ್ಕೆ ಹೋದ ಯುವಕ ಮಂಡಲದ ಹುಡುಗರು, ನನ್ನ ಕೌಂಟರ್ ನೋಡಿಕೊಂಡ ನಮ್ಮ ಸಹಕಾರಿ ಸೊಸೈಟಿಯವರು, ಅಮ್ಮನಿಗೆ ಹೊತ್ತು ಹೊತ್ತಿಗೆ ಗಂಜಿ ಕಳಿಸಿದ ಪಕ್ಕದ ಮನೆಯವರು, ಎಲ್ಲರಿಗೂ ದೊಡ್ಡ ನಮಸ್ಕಾರ. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಮನೆಗೆ ಸೇರಿಸುವುದಿಲ್ಲ ಎಂದಿದ್ದಾಳೆ, ಹಾಗಾಗಿ ಹೇಳುವುದಿಲ್ಲ.

ದುಡ್ಡಿನ ವಿಷಯದಲ್ಲಿ ನನ್ನನ್ನು ಕಾಪಾಡಿದ್ದು ಯಶಸ್ವಿನಿ ಕಾರ್ಡ್, ಅಂದರೆ ಸಹಕಾರಿ ಸಂಘದ ಸದಸ್ಯರ ಆರೋಗ್ಯ ಯೋಜನೆಯ ಕಾರ್ಡ್. ನಮ್ಮ ಕಿನ್ನಿಗೋಳಿ ಮೂಲದ ಡಾ. ದೇವಿ ಶೆಟ್ಟಿಯವರ ಯೋಚನೆಯಿಂದ 2003ರಲ್ಲಿ ಶುರುವಾದ ಯೋಜನೆ ಅದು. ನಡುವೆ ನಿಂತುಹೋಗಿ 2022–23ರಲ್ಲಿ ಮತ್ತೆ ಬಂತು. ಸೊಸೈಟಿಯಲ್ಲಿ ಕೂತು ಎಷ್ಟೋ ಜನರ ಅರ್ಜಿ ತುಂಬಿಸಿದವನು ನಾನು. ನನ್ನದೇ ಅರ್ಜಿ ತುಂಬುವಾಗ ಕೈ ಯಾಕೋ ನಡುಗಿತು.

ಆಪರೇಷನ್ನಿನ ಹಿಂದಿನ ಸಂಜೆ ಐಸಿಯುವಿನ ಸಿಸ್ಟರ್ ಒಬ್ಬರು ವಾರ್ಡಿಗೆ ಬಂದು ಮಂಚದ ಹತ್ತಿರ ನಿಂತು ಮಾತಾಡಿದರು. ಎಚ್ಚರ ಆಗುವಾಗ ಬಾಯಲ್ಲಿ ಪೈಪ್ ಇರುತ್ತದೆ, ಸ್ವರ ಬರುವುದಿಲ್ಲ, ಮಾತೇ ಹೋಯಿತು ಅಂತ ಗಾಬರಿ ಆಗಬೇಡಿ ಎಂದರು. ಪೈಪ್ ಎಳೆದುಕೊಳ್ಳದ ಹಾಗೆ ಕೈಗಳನ್ನು ಸಡಿಲವಾಗಿ ಕಟ್ಟಿರುತ್ತೇವೆ. ಎದೆಯ ಕೆಳಗಿನಿಂದ ಟ್ಯೂಬ್ ಹೊರಗೆ ಬಂದಿರುತ್ತದೆ, ಅದರಲ್ಲಿ ರಕ್ತ ಕಂಡರೆ ಹೆದರಬೇಡಿ, ಅದು ಹೊರಗೆ ಬರಬೇಕಾದದ್ದೇ. ನೀರು ಕೇಳಿದರೆ ಕೊಡುವುದಿಲ್ಲ, ಬೈಯಬೇಡಿ. ಇಷ್ಟೇ ಹೇಳಿದ್ದು. ಎಚ್ಚರ ಆದಾಗ ಎಲ್ಲವೂ ಅವರು ಹೇಳಿದ ಹಾಗೇ ಇತ್ತು, ಬಾಯಾರಿಕೆ ಮಾತ್ರ ಹೇಳಿದ್ದಕ್ಕಿಂತ ತುಂಬಾ ಜಾಸ್ತಿ. ಪೈಪ್ ತೆಗೆದ ಮೇಲೆ ಒದ್ದೆ ಹತ್ತಿಯಲ್ಲಿ ತುಟಿ ಒರೆಸಿದವರೂ ಅವರೇ. ಹೆಸರು ಕೇಳಲು ಆಗಲಿಲ್ಲ. ಡಾಕ್ಟರ್ ಹೃದಯ ನಿಲ್ಲಿಸಿ, ವಾಲ್ವ್ ಕೂರಿಸಿ, ಮತ್ತೆ ಓಡಿಸಿದ್ದಾರೆ, ಅದಕ್ಕೆ ಥ್ಯಾಂಕ್ಸ್ ಎನ್ನುವುದೇ ಸಣ್ಣ ಮಾತು. ಆದರೆ ನನ್ನ ಹೆದರಿಕೆ ಅರ್ಧ ಇಳಿಸಿದ್ದು ಆ ಸಿಸ್ಟರ್.

ಈಗ ಭಾವನ ವಿಷಯ.

ಭಾವ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸಿನಲ್ಲಿ ಬಾಯಿ ನಿಲ್ಲುವುದಿಲ್ಲ, ಮನೆಯಲ್ಲಿ ಮಾತೇ ಇಲ್ಲ. ನಮ್ಮಲ್ಲಿಗೆ ಬಂದರೂ ಊಟ ಮಾಡಿ, ಪೇಪರ್ ಓದಿ, "ಬರ್ತೇನೆ" ಎಂದು ಎದ್ದು ಹೋಗುವ ಜನ. ಗಂಡಸರ ವಾರ್ಡಿನಲ್ಲಿ ರಾತ್ರಿ ಗಂಡಸರೇ ನಿಲ್ಲಬೇಕು ಎಂದು ಆಸ್ಪತ್ರೆಯವರು ಹೇಳಿದಾಗ ಮನೆಯಲ್ಲಿ ಚರ್ಚೆ ಆಯಿತಂತೆ. ಯಾರು ನಿಲ್ಲುವುದು, ಯಾರಿಗೆ ರಜೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಅಂತ. ಚರ್ಚೆ ಮುಗಿಯುವಷ್ಟರಲ್ಲಿ ಭಾವ ಒಂದು ಲುಂಗಿ, ಒಂದು ಬೈರಾಸು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿ ಆಗಿತ್ತು. ಪ್ರೈವೇಟ್ ಬಸ್ಸಿನವರಿಗೆ ರಜೆ ಅಂದರೆ ಆ ದಿನದ ಸಂಬಳ ಇಲ್ಲ. ಅದನ್ನು ಅವರು ಒಮ್ಮೆಯೂ ಎತ್ತಲಿಲ್ಲ. ನಾನು ಎತ್ತಿದಾಗ ಕಿವಿ ಕೇಳದವರ ಹಾಗೆ ಕೂತರು.

ಐಸಿಯುವಿನಿಂದ ವಾರ್ಡಿಗೆ ತಂದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆವು. ಒಂದು ನಡುರಾತ್ರಿ ಎಚ್ಚರವಾಯಿತು. ಎದೆಯೊಳಗೆ ಚೆಂಡೆಯವನಿಗೆ ಹುಚ್ಚು ಹಿಡಿದ ಹಾಗೆ ಬಡಿತ. ನನ್ನೊಳಗಿರುವುದು ಲೋಹದ ವಾಲ್ವ್ ಅಲ್ವಾ, ಅದರ ಟಿಕ್ ಟಿಕ್ ಸದ್ದು ರಾತ್ರಿ ನನಗೇ ಕೇಳುತ್ತದೆ. ಆ ಸದ್ದು ಲೆಕ್ಕ ತಪ್ಪಿ ಓಡುತ್ತಿತ್ತು. ಭಾವ ನೆಲದ ಮೇಲೆ ಚಾಪೆ ಹಾಕಿ ಮಲಗಿದ್ದವರು ನಾನು ಕರೆಯುವ ಮೊದಲೇ ಎದ್ದು ಸಿಸ್ಟರನ್ನು ಕರೆತಂದರು. ಡ್ಯೂಟಿ ಡಾಕ್ಟರ್ ಬಂದರು, ಇಸಿಜಿ ತೆಗೆದರು, ಡ್ರಿಪ್ಪಿನಲ್ಲಿ ಇಂಜೆಕ್ಷನ್ ಹಾಕಿದರು. ಮದ್ದು ಹಿಡಿಯಲು ಹೊತ್ತಾಗುತ್ತದೆ ಎಂದು ಹೇಳಿ ಹೋದರು. ಆ ಹೊತ್ತು ಅಂದರೆ ಬೆಳಗಾಗುವವರೆಗೆ.

ನಾನು ಎಲ್‌ಐಸಿ ಪತ್ರ ಯಾವ ಕಪಾಟಿನಲ್ಲಿದೆ ಎಂದು ಹೇಳಲು ಶುರು ಮಾಡಿದೆ. ಭಾವ ಹೇಳಿದರು, "ಬರೆದುಕೊಳ್ಳಲು ಪೆನ್ ಇಲ್ಲ, ನಾಳೆ ಹೇಳು." ಪೆನ್ ಅವರ ಕಿಸೆಯಲ್ಲೇ ಇತ್ತು. ನನಗೆ ಕಾಣುತ್ತಿತ್ತು.

ಆಮೇಲೆ ಮಂಚದ ಕಾಲಬುಡದಲ್ಲಿ ಸ್ಟೂಲ್ ಹಾಕಿ ಕೂತರು. ಕೈಗೆ ಡ್ರಿಪ್, ಕುತ್ತಿಗೆಗೆ ಲೈನ್, ಎದೆ ತುಂಬಾ ವಯರ್. ಮುಟ್ಟಲು ಖಾಲಿ ಇದ್ದದ್ದು ಪಾದ ಮಾತ್ರ. ಅದನ್ನು ಹಿಡಿದುಕೊಂಡು, "ಕಣ್ಣು ಮುಚ್ಚು, ಸ್ಟೇಟ್‌ಬ್ಯಾಂಕಿನಿಂದ ಹೊರಡುವ" ಎಂದರು. ಮಂಗಳೂರಿನ ಬಸ್ ಸ್ಟ್ಯಾಂಡಿಗೆ ನಾವು ಸ್ಟೇಟ್‌ಬ್ಯಾಂಕ್ ಎನ್ನುವುದು. ಸಣ್ಣ ಸ್ವರದಲ್ಲಿ ಸ್ಟಾಪುಗಳ ಹೆಸರು ಹೇಳುತ್ತಾ ಹೋದರು. ಲಾಲ್‌ಬಾಗ್, ಲೇಡಿಹಿಲ್, ಕೊಟ್ಟಾರ, ಕೂಳೂರು, ಪಣಂಬೂರು, ಬೈಕಂಪಾಡಿ, ಸುರತ್ಕಲ್. ಎಕ್ಸ್‌ಪ್ರೆಸ್ ಬಸ್ಸು ಇಲ್ಲೆಲ್ಲ ನಿಲ್ಲುತ್ತದಾ ಎಂದು ಕೇಳಿದೆ. "ಇವತ್ತು ಸರ್ವಿಸ್ ಬಸ್, ಎಲ್ಲ ಕಡೆ ಸ್ಟಾಪ್ ಉಂಟು" ಎಂದರು. ಮುಕ್ಕ, ಹಳೆಯಂಗಡಿ, ಮುಲ್ಕಿ. ಮುಲ್ಕಿಯಲ್ಲಿ ಐನೂರರ ನೋಟು ಹಿಡಿದು ಹತ್ತುವ ಒಬ್ಬ ಮಾಸ್ಟ್ರು ಇದ್ದಾರಂತೆ, ದಿನಾಲೂ ಅದೇ ಕಥೆ. ಪಡುಬಿದ್ರಿಯಲ್ಲಿ ಮೀನಿನ ಬುಟ್ಟಿಯ ಜಗಳ. ಉಚ್ಚಿಲ, ಕಾಪು, ಕಟಪಾಡಿ, ಉದ್ಯಾವರ. ಉಡುಪಿ ಮುಟ್ಟಿದ ಮೇಲೆ ಬಸ್ ತಿರುಗಿಸಿ ಮತ್ತೆ ಮಂಗಳೂರಿಗೆ. ನಾನು ಉಸಿರು ಬಿಗಿ ಹಿಡಿದರೆ ಪಾದ ಒತ್ತಿ, "ದಾಲ ಆಪುಜಿ ಮಾರಾಯ" (ಏನೂ ಆಗುವುದಿಲ್ಲ ಮಾರಾಯ) ಎಂದು ತುಳುವಿನಲ್ಲಿ ಹೇಳುವುದು, ಮುಂದಿನ ಸ್ಟಾಪಿಗೆ ಹೋಗುವುದು. ಎಷ್ಟು ಸಲ ಹೋಗಿ ಬಂದೆವೋ ಗೊತ್ತಿಲ್ಲ.

ಒಂದು ವಿಷಯ ಹೆಂಡತಿಗೂ ಹೇಳಿಲ್ಲ. ಈಗ ಓದುತ್ತಾಳೆ, ಬೈಯಲಿ. ಆ ರಾತ್ರಿ ಒಂದು ಹೊತ್ತಿನಲ್ಲಿ ನನಗೆ ಸಾಕಾಗಿಬಿಟ್ಟಿತ್ತು. ನಿಲ್ಲುವುದಾದರೆ ನಿಲ್ಲಲಿ, ಒಮ್ಮೆ ಸುಮ್ಮನೆ ಮಲಗಲು ಬಿಟ್ಟರೆ ಸಾಕು ಎನಿಸಿತ್ತು. ಮಗಳ ಮುಖ ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಬಂದದ್ದು ಕಾಪು, ಕಟಪಾಡಿ.

ಬೆಳಗಿನ ಜಾವ ಬಡಿತ ಸರಿಯಾಯಿತು. ರೌಂಡ್ಸಿಗೆ ಬಂದ ಡಾಕ್ಟರ್, ವಾಲ್ವ್ ಆಪರೇಷನ್ ಆದವರಲ್ಲಿ ಮೊದಲ ಕೆಲವು ದಿನ ಹೀಗೆ ಬಡಿತ ತಪ್ಪುವುದು ತುಂಬಾ ಜನರಿಗೆ ಆಗುತ್ತದೆ, ಮದ್ದಿಗೆ ಬಗ್ಗುತ್ತದೆ ಎಂದರು. ಅದನ್ನು ನನಗೆ ಮೊದಲೇ ಯಾರಾದರೂ ಹೇಳಬೇಕಿತ್ತು. ಈಗ ನಾನು ನಿಮಗೆ ಹೇಳಿದ್ದೇನೆ. ಭಾವ ಮುಖ ತೊಳೆದು, ಕ್ಯಾಂಟೀನಿಗೆ ಹೋಗಿ ಬನ್ಸ್ ತಿಂದು ಬಂದು, ಮತ್ತೆ ಮಾತಿಲ್ಲದ ಮನುಷ್ಯ ಆದರು.

ಫಿಸಿಯೋ ಮಾಡಿಸಿದ ಹುಡುಗಿಗೆ ಬೇರೆಯಾಗಿ ಹೇಳಬೇಕು. ಮೂರು ಬಾಲಿನ ಆ ಡಬ್ಬ ಕೊಟ್ಟು ಉಸಿರು ಎಳೆಯಿರಿ ಎಳೆಯಿರಿ ಎಂದು ಬೆನ್ನು ಬಿಡಲಿಲ್ಲ. ಮೊದಲ ದಿನ ಒಂದು ಬಾಲೂ ಮೇಲೇಳಲಿಲ್ಲ, ನನಗೆ ಸಿಟ್ಟೇ ಬಂದಿತ್ತು. ಆದರೆ ಶ್ವಾಸಕೋಶದ ಮೂಲೆಯಲ್ಲಿ ಕಫ ಕೂತರೆ ಜ್ವರ, ನ್ಯುಮೋನಿಯಾ ಬರಬಹುದಂತೆ, ಅದಕ್ಕೆ ಆ ಹಟ. ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿ ಹಿಡಿದುಕೊಳ್ಳಲು ಕಲಿಸಿದ್ದೂ ಅವಳೇ. ಎಲುಬನ್ನು ಸ್ಟೀಲ್ ತಂತಿಯಲ್ಲಿ ಹೊಲಿದಿರುತ್ತಾರೆ. ದಿಂಬಿಲ್ಲದೆ ಒಮ್ಮೆ ಸೀನಿದರೆ ಸಾಕು, ದೇವರೆಲ್ಲ ನೆನಪಾಗುತ್ತಾರೆ.

ನೋಡಲು ಬಂದವರಿಗೂ ಥ್ಯಾಂಕ್ಸ್, ಆದರೆ ಒಂದು ಮಾತು. ನನಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಇತ್ತು. ಹಾಗಾಗಿ ನೀವು ಪ್ರೀತಿಯಿಂದ ತಂದ ಸೀಯಾಳವನ್ನೆಲ್ಲ ಭಾವ ಕುಡಿದರು. ಬಾಯಿಗೆ ಯಾವ ರುಚಿಯೂ ಇರಲಿಲ್ಲ. ಕುಚ್ಚಲಕ್ಕಿ ಗಂಜಿ ಕೂಡ ಕಾಗದ ತಿಂದ ಹಾಗೆ. ಮನೆಗೆ ಬಂದ ಮೇಲೆ ಕಾರಣವೇ ಇಲ್ಲದೆ ಅಳು ಬರುತ್ತಿತ್ತು, ಟಿವಿಯಲ್ಲಿ ಸೀರೆಯ ಜಾಹೀರಾತು ಬಂದರೂ ಅಳು. ಅದೂ ಮಾಮೂಲಿಯಂತೆ, ತಾನಾಗಿ ನಿಂತಿತು.

ಈಗ ಉಳಿದಿರುವುದು ರಕ್ತ ತೆಳು ಮಾಡುವ ಮಾತ್ರೆ. ಲೋಹದ ವಾಲ್ವ್ ಆದರೆ ಅದು ಜೀವನ ಪೂರ್ತಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ತೋರಿಸುವ ಐಎನ್‌ಆರ್ ಎಂಬ ಅಂಕಿ ನನಗೆ 2.5ರಿಂದ 3.5ರ ಒಳಗೆ ಇರಬೇಕು. ಚುಚ್ಚಿದ್ದೇ ಗೊತ್ತಾಗದ ಹಾಗೆ ರಕ್ತ ತೆಗೆಯುವ ನಮ್ಮ ಲ್ಯಾಬಿನವರಿಗೂ ಒಂದು ನಮಸ್ಕಾರ. ಸೊಪ್ಪು ಈ ಮಾತ್ರೆಯ ಬಲ ಕುಗ್ಗಿಸುತ್ತದೆ, ಬಸಳೆ ಬಿಡಬೇಕಾಗುತ್ತದೆ ಎಂದು ಅಮ್ಮ ನನಗಿಂತ ಜಾಸ್ತಿ ಬೇಜಾರು ಮಾಡಿಕೊಂಡಿದ್ದರು. ಬಿಡಬೇಕಾಗಿಲ್ಲ. ಸೊಪ್ಪು ಒಂದು ವಾರ ರಾಶಿ, ಮುಂದಿನ ವಾರ ಸೊನ್ನೆ ಅಂತ ಮಾಡಬಾರದು, ಒಂದೇ ಹದದಲ್ಲಿ ತಿನ್ನಬೇಕು, ಅಷ್ಟೇ. ಮೈಕೈ ನೋವಿಗೆ ಅಂತ ಅಂಗಡಿಯಿಂದ ಮಾತ್ರೆ ತಂದು ನುಂಗುವ ಹಾಗಿಲ್ಲ, ನಾಟಿ ಕಷಾಯವೂ ಇಲ್ಲ, ಹಲ್ಲು ಕೀಳಿಸುವುದಿದ್ದರೆ ವಾಲ್ವ್ ಇದೆ ಎಂದು ಮೊದಲೇ ಹೇಳಬೇಕು.

ನನ್ನಂಥದೇ ಆಪರೇಷನ್ ಇನ್ನು ಯಾರ ಮನೆಯಲ್ಲಾದರೂ ಇದ್ದರೆ, ಸಂಜೆ ಸೊಸೈಟಿ ಮುಚ್ಚಿದ ಮೇಲೆ ಫೋನ್ ಮಾಡಿ. ಯಾವ ಕಾಗದ ಬೇಕು, ಕಾರ್ಡಿಗೆ ಏನು ಮಾಡಬೇಕು ಎಂದು ಹೇಳುತ್ತೇನೆ. ರಾತ್ರಿ ನಿಲ್ಲಲು ಗಂಡಸರು ಇಲ್ಲ ಎಂದಾದರೂ ಹೇಳಿ, ನಾನು ಬರುತ್ತೇನೆ. ಸ್ಟಾಪುಗಳೆಲ್ಲ ಬಾಯಿಪಾಠ ಇವೆ. ಭಾರ ಎತ್ತುವ ಕೆಲಸ ಮಾತ್ರ ಸದ್ಯಕ್ಕೆ ಹೇಳಬೇಡಿ.