ಮಧ್ಯಾಹ್ನದ ಬಿಡುವಿನಲ್ಲಿ ಸುಮ್ಮನಿರಲು ಬಿಡಿ

ಮಾನ್ಯ ಸಂಪಾದಕರೇ,

ಕಚೇರಿಗಳಲ್ಲಿ ಊಟದ ಬಿಡುವು ಎಂದರೆ ಎಲ್ಲರೂ ಸೇರಿ ಮಾತಾಡಲೇಬೇಕು ಎನ್ನುವ ಹಾಗಾಗಿದೆ. ಒಬ್ಬರೇ ಕೂತರೆ ‘ಏನಾಯ್ತು, ಯಾರ ಮೇಲೆ ಕೋಪ?’ ಎಂದು ಕೇಳುತ್ತಾರೆ. ಅಂತರ್ಮುಖಿ, ಬಹಿರ್ಮುಖಿ ಸ್ವಭಾವಗಳನ್ನು ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲೇ ವಿವರಿಸಿದ್ದರು. ನೂರು ವರ್ಷ ದಾಟಿದರೂ ಸುಮ್ಮನಿರುವವರನ್ನು ಜಂಬದವರು ಅನ್ನುವುದು ನಿಂತಿಲ್ಲ.

ನಾನು ಜನರಿಂದ ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಒಬ್ಬರಾದ ಮೇಲೆ ಒಬ್ಬರ ಜೊತೆ ಮಾತು. ಕೆಲಸ ಇಷ್ಟವೇ, ಜನರನ್ನು ಕಂಡರೆ ಆಗದು ಅಂತಲ್ಲ. ಆದರೆ ಒಂದು ಗಂಟೆ ಹೊತ್ತಿಗೆ ಎದುರಿನವರು ಹೇಳಿದ್ದು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಹುಟ್ಟಿದ ತಾರೀಕನ್ನು ಎರಡೆರಡು ಸಲ ಕೇಳುತ್ತೇನೆ. ಅದರ ಮೇಲೆ ಮಧ್ಯಾಹ್ನದ ಮಂಪರು ಬೇರೆ. ಊಟ ಜಾಸ್ತಿ ಆಯ್ತು ಅನ್ನುತ್ತಾರೆ. ಊಟ ಬಿಟ್ಟರೂ ಅದು ಬರುತ್ತದೆ, ದೇಹದ ಗಡಿಯಾರವೇ ಹಾಗಿದೆ.

ಹಳೆ ಕಡತಗಳ ಕೋಣೆಯಲ್ಲಿ ಕಿಟಕಿ ಪಕ್ಕ ಒಂದು ಕುರ್ಚಿ ಇದೆ. ಊಟ ಮುಗಿಸಿ ಅಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ. ಫೋನು ಡ್ರಾಯರಿನಲ್ಲೇ ಇರುತ್ತದೆ. ಅದರೊಳಗೆ ಇರುವುದೂ ಜನರ ಮಾತೇ ಅಲ್ವಾ? ನಿದ್ದೆ ಬಂದರೂ 20 ನಿಮಿಷ ದಾಟಿಸುವುದಿಲ್ಲ. ಗಾಢ ನಿದ್ದೆಗೆ ಜಾರಿದರೆ ಎದ್ದ ಮೇಲೆ ಇನ್ನೂ ಮಂಕು. ಆಮೇಲೆ ಹೊರಗೆ ಬೆಳಕಿನಲ್ಲಿ ಒಂದು ಸುತ್ತು. ಬಂದವಳು ಮೊದಲು ರಿಜಿಸ್ಟರ್ ತಾಳೆ ನೋಡುತ್ತೇನೆ, ಅದಕ್ಕೆ ಯಾರ ಜೊತೆಗೂ ಮಾತು ಬೇಡ. ಕೌಂಟರ್ ತೆರೆಯುವ ಹೊತ್ತಿಗೆ ತಲೆ ತಿಳಿಯಾಗಿರುತ್ತದೆ. ಸಂಜೆ ಕೊನೆಯಲ್ಲಿ ಬಂದವರ ಜೊತೆಗೂ ಬೆಳಗಿನಷ್ಟೇ ತಾಳ್ಮೆಯಿಂದ ಮಾತಾಡಬಲ್ಲೆ.

ಇಷ್ಟೆಲ್ಲ ಯಾಕೆ, ಕಾಫಿ ಕುಡಿಯಿರಿ ಎನ್ನುವವರಿದ್ದಾರೆ. ಕಾಫಿ ನಿದ್ದೆ ಓಡಿಸಬಹುದು, ಮಾತಿನ ದಣಿವು ಹಾಗೇ ಉಳಿಯುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ನಾಲ್ಕು ಗಂಟೆಯ ಕಾಫಿ ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ.

ಕಚೇರಿ ನಡೆಸುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮಾತು, ಫೋನು ಇಲ್ಲದ ಒಂದು ಸಣ್ಣ ಕೋಣೆ ಬಿಟ್ಟುಕೊಡಿ. ಬಿಡುವು ಮುಗಿದ ಕೂಡಲೇ ಮೀಟಿಂಗ್ ಇಡಬೇಡಿ. ಬಿಡುವಿನಲ್ಲಿ ಹುಟ್ಟುಹಬ್ಬ, ಆಟ ಇಟ್ಟರೆ ಬರುವುದು ಬಿಡುವುದು ಅವರವರ ಇಷ್ಟಕ್ಕಿರಲಿ. ಸಹೋದ್ಯೋಗಿಗಳೇ, ಕಣ್ಣು ಮುಚ್ಚಿ ಕೂತವರನ್ನು ‘ಒಂದೇ ನಿಮಿಷ’ ಎಂದು ಎಬ್ಬಿಸಬೇಡಿ. ಸ್ವಲ್ಪ ಹೊತ್ತು ಬಿಟ್ಟು ಕೇಳಿ, ಖುಷಿಯಿಂದ ಮಾತಾಡುತ್ತೇವೆ.

– ಕೌಂಟರ್ ಉದ್ಯೋಗಿ